ಕಾರಿಗೆ ಮೀನೆಣ್ಣೆ

ಪರೇಲ್, ಮುಂಬಯಿ
17 ಜನವರಿ 1999

ತಂಗಿ ಬಾಗಿಗೆ ಚಂದ್ರಣ್ಣನ ಆಶೀರ್ವಾದ.

ನಾನು ಆರಾಮ. ಚೆನ್ನಯ್ಯ ಭಾವನಿಗೂ ಮಗಳು ಚಂದನಾಳಿಗೂ ನಾನು ಕೇಳಿದೆನೆಂದು ಹೇಳು.

ಬರೆಯುವ ಕಾರಣ, ನಾನೊಂದು ಕಾರು ತೆಗೆದುಕೊಂಡಿದ್ದೇನೆ. ಹೊಸದಲ್ಲ, ಹನ್ನೊಂದು ವರ್ಷದ ಬಿಳಿ ಫಿಯೆಟ್. ಒಬ್ಬ ಮುದುಕ ಡಾಕ್ಟರು ಮನೆಯಿಂದ ದವಾಖಾನೆಗೆ, ದವಾಖಾನೆಯಿಂದ ಮನೆಗೆ ಓಡಿಸಿದ್ದು, ಅಷ್ಟೇ. ಇಪ್ಪತ್ತಾರು ವರ್ಷ ಬೇರೆಯವರ ಟ್ಯಾಕ್ಸಿ ಓಡಿಸಿದ್ದು ಸಾಕಾಯಿತು. ಮುಂದಿನ ವರ್ಷ ಊರಿಗೆ ಬಂದು ಕುಂದಾಪುರದಲ್ಲಿ ಬಾಡಿಗೆಗೆ ಇಡುತ್ತೇನೆ. ಕೊಲ್ಲೂರಿಗೆ ಹೋಗುವ ಯಾತ್ರಿಕರಿಗೆ ಬರವಿಲ್ಲ. ಅಲ್ಲಿಯ ತನಕ ಕಾರು ನಿಮ್ಮ ದೋಣಿ ಕೊಟ್ಟಿಗೆಯಲ್ಲಿರಲಿ, ಇಲ್ಲಿ ಮನುಷ್ಯ ನಿಲ್ಲುವುದಕ್ಕೇ ಜಾಗವಿಲ್ಲ. ಬೈಂದೂರಿನ ಶೀನ ಊರಿಗೆ ಹೊರಟಿದ್ದಾನೆ. ಅವನೇ ಓಡಿಸಿಕೊಂಡು ಬರುತ್ತಾನೆ.

ಕಾರೆಂದರೆ ಎಮ್ಮೆಯಲ್ಲ, ಕಟ್ಟಿಹಾಕಿದರೆ ಮೆಲುಕು ಹಾಕುತ್ತ ಸುಮ್ಮನಿರುವುದಕ್ಕೆ. ನಿಂತಲ್ಲೇ ನಿಂತರೆ ಕೆಡುತ್ತದೆ. ವಾರಕ್ಕೆರಡು ಸಲ ಚಾಲೂ ಮಾಡಿ ಹತ್ತು ನಿಮಿಷ ಬಿಡಬೇಕು, ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ. ಚಾಲೂ ಮಾಡುವಾಗ ಕೊಟ್ಟಿಗೆಯ ಬಾಗಿಲು ತೆರೆದಿರಲಿ, ಆ ಹೊಗೆ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ರೇಡಿಯೇಟರಿನ ನೀರು ನೋಡುವುದು ಎಂಜಿನ್ ತಣ್ಣಗಿರುವಾಗ. ಬಿಸಿಯಿದ್ದಾಗ ಮುಚ್ಚಳ ತಿರುಗಿಸಿದವರ ಮುಖ ನಾನು ನೋಡಿದ್ದೇನೆ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಇಡಬೇಡಿ, ಕಚ್ಚಿಕೊಂಡುಬಿಡುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ನಿಮ್ಮಲ್ಲಿ ಉಪ್ಪುಗಾಳಿ, ಆದ್ದರಿಂದ ವಾರಕ್ಕೊಮ್ಮೆ ಬಾವಿ ನೀರಿನಲ್ಲಿ ತೊಳೆಯಬೇಕು.

ಇದೆಲ್ಲ ಶೀನನಿಗೂ ಹೇಳಿದ್ದೇನೆ, ಅವನು ಅರ್ಧ ಮರೆಯುತ್ತಾನೆ. ಫೋನಿನಲ್ಲಿ ಹೇಳಿದ್ದು ಬೂತಿನಲ್ಲೇ ಉಳಿಯುತ್ತದೆ. ಕಾಗದವಾದರೆ ಕಾರಿನೊಳಗೆ ಇಟ್ಟುಕೊಳ್ಳಬಹುದು.

ಚಂದ್ರಣ್ಣ


ಮರವಂತೆ
9 ಫೆಬ್ರವರಿ 1999

ಅಣ್ಣಯ್ಯನಿಗೆ ಬಾಗಿಯ ನಮಸ್ಕಾರ.

ಕಾರು ಗುರುವಾರ ಬಂತು. ಕೇರಿಯವರೆಲ್ಲ ಮದುಮಗಳನ್ನು ನೋಡುವ ಹಾಗೆ ಬಂದು ನೋಡಿದರು. ಇವರು ಮೂರು ಸುತ್ತು ಬಂದು, ದೋಣಿಯ ಹಲಗೆ ಪರೀಕ್ಷೆ ಮಾಡುವಂತೆ ಬೆರಳ ಗೆಣ್ಣಿನಿಂದ ತಗಡು ತಟ್ಟಿ, ಶೀನನ ಹತ್ತಿರ, "ಹ್ವಾಯ್, ಇದ್ಕೆ ಅಡಿಮರ ಎಲ್ಲಿತ್ತ್?" ಎಂದು ಕೇಳಿದರು. ಶೀನ ನಕ್ಕದ್ದಕ್ಕೆ ಇವರಿಗೆ ಸಿಟ್ಟು ಬಂತು. "ನಗುದ್ ಎಂತಕ್ಕೆ? ಇದೂ ಒಂದ್ ದೋಣಿಯೇ. ಉಪ್ಪುಗಾಳಿ ಎರಡನ್ನೂ ತಿಂತ್." ಈಗ ಕಾರು ನಮ್ಮ ದೋಣಿಯ ಪಕ್ಕದಲ್ಲಿ, ದೋಣಿಯ ಹಾಗೆಯೇ ಕಡಲಿಗೆ ಮೂತಿ ಮಾಡಿ, ತೆಂಗಿನ ಮಡಲಿನ ತಟ್ಟಿ ಹೊದ್ದು ನಿಂತಿದೆ.

ಇವರು ಕೀಲಿಕೈ ಮುಟ್ಟುವುದಿಲ್ಲ. ತಿರುಗಿಸಿದರೆ ಮುರಿಯುತ್ತದೆ ಎಂಬ ಹೆದರಿಕೆ. ನಾನೇ ಚಾಲೂ ಮಾಡುತ್ತಿದ್ದೇನೆ. ಮೊದಲ ದಿನ ಗೇರಿನಲ್ಲೇ ಇತ್ತೋ ಏನೋ, ಒಂದು ಹಾರು ಹಾರಿ ಬಲೆಯ ರಾಶಿಗೆ ಮೂತಿ ಇಟ್ಟಿತು. ಕಾರಿಗೆ ಏನೂ ಆಗಲಿಲ್ಲ. ಬಲೆಗೆ ಆಯಿತು. ನಿಂತಲ್ಲೇ ಚಾಲೂ ಮಾಡಿದರೆ ಸಾಕೇ, ಸ್ವಲ್ಪ ಓಡಿಸಬೇಕೇ? ಬರೆಯಿರಿ.

ನಮ್ಮ ಸುದ್ದಿ ಇದ್ದದ್ದೇ. ನಾನೂ ಪಕ್ಕದ ಮನೆಯ ಪುಷ್ಪನೂ ಇನ್ನಿಬ್ಬರೂ ಘಟ್ಟದ ಬುಡದ ಕೆರಾಡಿಯ ಕಡೆಗೆ ಮೀನು ಹೊತ್ತುಕೊಂಡು ಹೋಗುವುದು ನಿಮಗೆ ಗೊತ್ತಲ್ಲ. ಈಗ ಬಸ್ಸಿನವರು ಬುಟ್ಟಿ ಹತ್ತಿಸಿಕೊಳ್ಳುತ್ತಿಲ್ಲ. "ವಾಸ್ನಿ ಬತ್ತ್, ಹಿಂದಿನ್ ಬಸ್ಸಿಗೆ ಬನ್ನಿ" ಎನ್ನುತ್ತಾನೆ ಕಂಡಕ್ಟರ್. ಹಿಂದಿನ ಬಸ್ಸಿನವನೂ ಅದನ್ನೇ ಹೇಳುತ್ತಾನೆ. ಅಷ್ಟರಲ್ಲಿ ಮೀನು ಮೆತ್ತಗಾಗುತ್ತದೆ.

ಬಾಗಿ


ಪರೇಲ್
3 ಮಾರ್ಚ್ 1999

ಬಾಗಿಗೆ ಆಶೀರ್ವಾದ.

ಓಡಿಸಬೇಕು. ನಿಂತೇ ಇದ್ದರೆ ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಆದರೆ ನೀನಲ್ಲ. ನಿಮ್ಮ ಕೇರಿಯಲ್ಲಿ ಪದ್ದು ಇದ್ದಾನಲ್ಲ, ಮೊದಲು ಬಸ್ಸು ಓಡಿಸುತ್ತಿದ್ದವನು, ಅವನಿಗೆ ಹೇಳು. ಹದಿನೈದು ದಿನಕ್ಕೊಮ್ಮೆ ತ್ರಾಸಿಯವರೆಗೆ ಹೋಗಿ ಬರಲಿ.

ಮರವಂತೆಯ ರಸ್ತೆಯಲ್ಲಿ ಮಾತ್ರ ಜೋಪಾನ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ಹೊಸಬರು ಅದನ್ನು ನೋಡುತ್ತ ರಸ್ತೆಯ ನಡುವೆಯೇ ಗಾಡಿ ನಿಲ್ಲಿಸಿಬಿಡುತ್ತಾರೆ. ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡು ಹೋಗಬೇಕು. ಗಾಳಿಗೆ ಮರಳು ಬಂದು ಡಾಂಬರಿನ ಮೇಲೆ ಕೂತಿರುತ್ತದೆ. ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಲಾರಿ ದಾಟುವ ಹುಚ್ಚು ಬೇಡ. ಲಾರಿಯವನು ಮೊದಲು ಕುಂದಾಪುರ ಮುಟ್ಟಿದರೆ ನಮ್ಮದೇನೂ ಹೋಗುವುದಿಲ್ಲ.

ಒಳಗೆ ಶುಚಿಯಾಗಿರಲಿ. ಯಾತ್ರಿಕರು ಕೂರುವ ಕಾರು.

ಮತ್ತೆ, ನಿನ್ನ ಅಕ್ಷರ ಎಂದರೆ ಇರುವೆಯ ಸಾಲು. ಸ್ವಲ್ಪ ದೊಡ್ಡದಾಗಿ ಬರೆಯಬಾರದೇ?

ಚಂದ್ರಣ್ಣ


ಮರವಂತೆ
20 ಏಪ್ರಿಲ್ 1999

ಅಣ್ಣಯ್ಯನಿಗೆ ನಮಸ್ಕಾರ.

ಇನ್‌ಲ್ಯಾಂಡ್ ಕಾಗದದಲ್ಲಿ ಇರುವೆಗಳಿಗಷ್ಟೇ ಜಾಗ. ನನಗೆ ಹೇಳುವುದು ಬಹಳ ಇರುತ್ತದೆ, ಏನು ಮಾಡಲಿ?

ಪದ್ದಣ್ಣ ಕಾರು ಓಡಿಸುತ್ತಿದ್ದಾರೆ. ಅವರು ಕೆಲವು ಪ್ರಶ್ನೆ ಕೇಳಲು ಹೇಳಿದ್ದಾರೆ. ನಾಲ್ಕು ಜನ ಕೂತು ಗುಡ್ಡ ಹತ್ತುವಾಗ ಎರಡನೆಯ ಗೇರು ಒಂದೊಂದು ಸಲ ಬೀಳುವುದೇ ಇಲ್ಲ, ಏಕೆ? ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲು ನ್ಯೂಟ್ರಲ್ ಮಾಡಿಕೊಳ್ಳಬಹುದೇ? ಎದುರಿನಿಂದ ಬಸ್ಸು ಬಂದಾಗ ಕಾರಿನ ಎಡಬದಿ ಎಲ್ಲಿ ಮುಗಿಯುತ್ತದೆ ಎಂಬ ಅಂದಾಜು ಹೇಗೆ ಸಿಗುವುದು? ಕ್ಲಚ್ ಒತ್ತಿ ಒತ್ತಿ ಮೊಣಕಾಲು ನೋಯುತ್ತದಂತೆ, ಅದಕ್ಕೆ ಏನು ಮಾಡುವುದು?

ಹೋದ ವಾರ ಉಡುಪಿಗೆ ಹೋಗಿದ್ದೆ, ಚಂದನಾಳಿಗೆ ಬಟ್ಟೆ ತರಲು. ಬೇರೆ ವಿಶೇಷವಿಲ್ಲ.

ಬಾಗಿ


ಪರೇಲ್
8 ಮೇ 1999

ಬಾಗಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಚಿಂತೆಯಾಯಿತು. ಮೂವತ್ತು ವರ್ಷ ಬಸ್ಸು ಓಡಿಸಿದ ಪದ್ದುವಿಗೆ ಎಡಬದಿಯ ಅಂದಾಜು ಸಿಗುವುದಿಲ್ಲವೇ? ವಯಸ್ಸಾಯಿತು ಅವನಿಗೆ. ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲು ಹೇಳು. ಕಣ್ಣು ಸರಿಯಿಲ್ಲದವನು ಸ್ಟಿಯರಿಂಗ್ ಹಿಡಿಯಬಾರದು.

ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ. ಗೇರು ಬೀಳದಿದ್ದರೆ ಬಲಪ್ರಯೋಗ ಬೇಡ, ಕ್ಲಚ್ ಪೂರ್ತಿ ಬಿಟ್ಟು ಮತ್ತೊಮ್ಮೆ ಒತ್ತಿ ಹಾಕಬೇಕು. ಕ್ಲಚ್ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸುವವರಿಗೇ ಮೊಣಕಾಲು ನೋವು, ಕ್ಲಚ್ ಪ್ಲೇಟೂ ಬೇಗ ಸವೆಯುತ್ತದೆ. ನ್ಯೂಟ್ರಲ್ ಎಂಬ ಮಾತು ಇಳಿಜಾರಿನಲ್ಲಿ ಎತ್ತಲೇಬಾರದು. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕು. ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಎಡಬದಿಗೆ ಒಂದು ಉಪಾಯವಿದೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ಅದರ ಪಕ್ಕದಿಂದ ಇಪ್ಪತ್ತು ಸಲ ಹೋಗಿ ಬರಲಿ.

ಮಳೆ ಬರುವ ಮೊದಲು ವೈಪರಿನ ರಬ್ಬರು, ಟಯರಿನ ಗೆರೆ, ಲೈಟು ನೋಡಿಸು. ಬ್ರೇಕಿನ ಎಣ್ಣೆ ಎಂಜಿನ್ನಿನ ಹತ್ತಿರ ಒಂದು ಡಬ್ಬಿಯಲ್ಲಿರುತ್ತದೆ. ಅದರ ಮಟ್ಟ ವಾರಕ್ಕೊಮ್ಮೆ ನೋಡಬೇಕು. ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಚಂದ್ರಣ್ಣ


ಮರವಂತೆ
6 ಜೂನ್ 1999

ಅಣ್ಣಯ್ಯನಿಗೆ ನಮಸ್ಕಾರ.

ಮಳೆ ಹಿಡಿಯಿತು. ಕಡಲು ಈ ಸಲವೂ ರಸ್ತೆಯ ಕಲ್ಲಿಗೆ ಬಂದು ಬಡಿಯುತ್ತಿದೆ. ದೋಣಿ ಮೇಲೆ ಹತ್ತಿದೆ. ಇವರಿಗೆ ಕೈಗೆ ಕೆಲಸವಿಲ್ಲ, ಬೆಳಿಗ್ಗೆ ಎದ್ದರೆ ಕಾರಿನ ಸುತ್ತ ಸುತ್ತುತ್ತಾರೆ. ವೈಪರು ಹೊಸದು ಹಾಕಿಸಿದೆವು. ಟಯರು ಎರಡು ಬದಲಿಸಿದೆವು. ಪದ್ದಣ್ಣನಿಗೆ ಎಡಬದಿಯ ಅಂದಾಜು ಈಗ ಚೆನ್ನಾಗಿ ಸಿಕ್ಕಿದೆ. ಕೋಲು ನೆಟ್ಟ ಉಪಾಯ ಒಳ್ಳೆಯದಾಯಿತು, ಎರಡು ಕೋಲು ಮುರಿದವು. ಒಣಮೀನಿನ ವ್ಯಾಪಾರ ಶುರುವಾಗಿದೆ. ಘಟ್ಟದ ಬುಡದವರಿಗೆ ಮಳೆಗಾಲದಲ್ಲಿ ಅದಿಲ್ಲದೆ ಗಂಜಿ ಇಳಿಯುವುದಿಲ್ಲ. ಚಂದನಾ ಹತ್ತನೆಯ ತರಗತಿಗೆ ಬಂದಳು.

ಜಾಗ ಮುಗಿಯಿತು, ಮಡಚುವ ಅಂಚಿನಲ್ಲಿ ಬರೆಯುತ್ತಿದ್ದೇನೆ. ದೋಣಿಗೆ ಮಳೆಗಾಲಕ್ಕೆ ಹಚ್ಚುವ ಮೀನೆಣ್ಣೆಯನ್ನು ಇವರು ಕಾರಿನ ಅಡಿಗೆಲ್ಲ ಹಚ್ಚಿದ್ದಾರೆ. ಚಕ್ರದ ಹತ್ತಿರ ರಬ್ಬರಿನ ಪೈಪುಗಳಿವೆಯಲ್ಲ, ಅವನ್ನೂ ಬಿಡಲಿಲ್ಲ. "ಮೀನೆಣ್ಣೆ ಕುಡಿದ್ ಹಲ್ಗಿ ಇಪ್ಪತ್ ವರ್ಷ ಬತ್ತ್" ಎನ್ನುತ್ತಾರೆ. ಆ ವಾಸನೆಗೆ ಕೊಟ್ಟಿಗೆಯಲ್ಲಿ ಇಲಿಗಳ ಓಡಾಟ ಜಾಸ್ತಿಯಾಗಿದೆ. ಹೀಗೆ ಹಚ್ಚಬಹುದೇ? ತಪ್ಪಾದರೆ ಕೂಡಲೇ ಬರೆಯಿರಿ, ಸೀಮೆಎಣ್ಣೆ ಹಾಕಿ ಒರೆಸಿಬಿಡುತ್ತೇನೆ.

ಬಾಗಿ


ಪರೇಲ್
24 ಜೂನ್ 1999

ಬಾಗಿಗೆ ಆಶೀರ್ವಾದ.

ಕಾಗದ ಓದಿದೆ. ಸಂತೋಷ. ಭಾವ ಮಾಡಿದ್ದೆಲ್ಲ ಸರಿಯಾಗಿದೆ, ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳು. ಚಂದನಾ ಚೆನ್ನಾಗಿ ಓದಲಿ.

ಮಳೆಯಲ್ಲಿ ನಿಧಾನ. ನೀರು ನಿಂತ ಹೊಂಡ ದಾಟಿದ ಮೇಲೆ ಬ್ರೇಕನ್ನು ಮೆಲ್ಲನೆ ಎರಡು ಸಲ ಒತ್ತಿ ಒಣಗಿಸಿಕೊಳ್ಳಬೇಕು.

ಚಂದ್ರಣ್ಣ


ಮರವಂತೆ
12 ಆಗಸ್ಟ್ 1999

ಅಣ್ಣಯ್ಯನಿಗೆ ನಮಸ್ಕಾರ.

ಈ ಕಾಗದ ಕೂತು ಓದಿ. ಮೊದಲೇ ಹೇಳಿಬಿಡುತ್ತೇನೆ, ಯಾರ ಜೀವಕ್ಕೂ ಏನೂ ಆಗಿಲ್ಲ.

ಕಾರು ಓಡಿಸುತ್ತಿದ್ದದ್ದು ಪದ್ದಣ್ಣ ಅಲ್ಲ, ನಾನು. ಅವರು ಕಲಿಸಿದರು, ಅಷ್ಟೇ. ಏಪ್ರಿಲಿನಲ್ಲಿ ಉಡುಪಿಗೆ ಹೋದದ್ದು ಬಟ್ಟೆಗಲ್ಲ, ಲೈಸೆನ್ಸಿಗೆ. ಎರಡನೆಯ ಸಲಕ್ಕೆ ಪಾಸಾದೆ. ಆವತ್ತಿನಿಂದ ವಾರಕ್ಕೆ ನಾಲ್ಕು ದಿನ ಪುಷ್ಪನನ್ನೂ ಉಳಿದಿಬ್ಬರನ್ನೂ ಬುಟ್ಟಿಯ ಸಮೇತ ಕೆರಾಡಿಗೆ ಕರೆದುಕೊಂಡು ಹೋಗುತ್ತಿದ್ದೆ. ನೀವು ಯಾತ್ರಿಕರಿಗೆಂದು ತಂದ ಕಾರಿನಲ್ಲಿ ಒಣಮೀನು ಹೊತ್ತೆ. ಹೇಳಿದರೆ ಬೇಡ ಎನ್ನುತ್ತೀರಿ ಎಂದು ಹೇಳಲಿಲ್ಲ.

ಹೋದ ಶುಕ್ರವಾರ ಮಧ್ಯಾಹ್ನ ಕೆರಾಡಿಯಿಂದ ಇಳಿದು ಬರುತ್ತಿದ್ದೆವು. ತಿರುವಿಗೆ ಮೊದಲು ಬ್ರೇಕ್ ಒತ್ತಿದೆ, ಕಾಲು ನೆಲದ ತನಕ ಹೋಯಿತು. ಮತ್ತೊಮ್ಮೆ ಒತ್ತಿದೆ, ಏನೂ ಇಲ್ಲ. ಎರಡನೆಯ ಗೇರಿನಲ್ಲಿದ್ದದ್ದರಿಂದ ವೇಗ ಹೆಚ್ಚಿರಲಿಲ್ಲ. ಮೊದಲನೆಯ ಗೇರು ಹಾಕಲು ನೋಡಿದೆ, ಬೀಳಲಿಲ್ಲ. ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದೆ. ಕಾರು ನಿಧಾನವಾಯಿತು, ನಿಲ್ಲಲಿಲ್ಲ. ತಿರುವಿನಾಚೆ ರಸ್ತೆ ತುಂಬ ಶಾಲೆಯ ಮಕ್ಕಳು, ಕೊಡೆ ಅಡ್ಡ ಹಿಡಿದುಕೊಂಡು ಬರುತ್ತಿದ್ದರು. ಅವರಿಗೆ ನಾವು ಕಾಣುತ್ತಿರಲಿಲ್ಲ. "ಗಟ್ಟಿ ಹಿಡ್ಕಣಿ" ಎಂದು ಕೂಗಿ ಎಡಕ್ಕೆ, ನಾಟಿ ಮಾಡಿದ ಗದ್ದೆಗೆ ತಿರುಗಿಸಿಬಿಟ್ಟೆ. ಅಂಚು ಹಾರಿ ಕೆಸರಿನಲ್ಲಿ ಹೂತು ನಿಂತಿತು. ಮಕ್ಕಳು ರಸ್ತೆಯಲ್ಲಿ ನಿಂತು ನಗುತ್ತಿದ್ದರು. ಕಾರು ಗದ್ದೆಗೆ ಹಾರಿದ್ದನ್ನು ಅವರು ಯಾವತ್ತು ನೋಡಿದ್ದಾರೆ?

ಪುಷ್ಪ ಮುಂದೆ ಕೂತಿದ್ದಳು. ಬಲಗೈ ಎರಡು ಕಡೆ ಮುರಿಯಿತು. ಕುಂದಾಪುರದಲ್ಲಿ ಆಪರೇಷನ್ ಮಾಡಿ ಉಕ್ಕಿನ ಪಟ್ಟಿ ಕೂರಿಸಿದ್ದಾರೆ. ಇನ್ನು ನಾಲ್ಕು ತಿಂಗಳು ಬುಟ್ಟಿ ಎತ್ತುವ ಹಾಗಿಲ್ಲ. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಗ್ಯಾರೇಜಿನ ಅನೂಪ್ ಮುಂದಿನ ಚಕ್ರದ ಪೈಪು ಬಿಚ್ಚಿ ನನ್ನ ಕೈಯಲ್ಲಿಟ್ಟ. ನೆನೆದ ಹಪ್ಪಳದ ಹಾಗಿತ್ತು, ಅದರ ಮೇಲೆ ಇಲಿಯ ಹಲ್ಲು. "ರಬ್ಬರಿಗೆ ಮೀನೆಣ್ಣೆ ಹಚ್ಚುದಾ ಮಾರಾಯ್ರೆ? ಮೆತ್ಗೆ ಆಯ್ತ್, ವಾಸ್ನಿಗೆ ಇಲಿ ಬಂದ್ ಕಚ್ತ್" ಎಂದ. ಡಬ್ಬಿಯ ಬ್ರೇಕ್ ಎಣ್ಣೆ ಎರಡು ಸಲ ಇಳಿದಿತ್ತು ಅಣ್ಣಯ್ಯ. ನೀವು ಬರೆದದ್ದು ನೆನಪಿತ್ತು. ಆದರೂ ತುಂಬಿಸಿಕೊಂಡು ಹೊರಟೆ. ಒಂದು ದಿನ ನಿಂತರೆ ನಾಲ್ಕು ಮನೆಯ ವ್ಯಾಪಾರ ನಿಲ್ಲುತ್ತದೆ ಎಂದು ಯೋಚನೆ ಮಾಡಿದೆ. ಈಗ ಎಲ್ಲವೂ ನಿಂತಿದೆ.

ಮೀನೆಣ್ಣೆಯ ವಿಷಯ ಜೂನಿನಲ್ಲಿ ಕೇಳಿದ್ದೆ. ಸರಿ ಎಂದು ಬರೆದಿದ್ದಿರಿ. ದೂರುತ್ತಿಲ್ಲ. ಓಡಿಸಿದ್ದು ನಾನು.

ಇವರು ಮಾತು ಬಿಟ್ಟು ಕೂತಿದ್ದಾರೆ. ನನಗೆ ಕಣ್ಣು ಮುಚ್ಚಿದರೆ ಆ ಕೊಡೆಗಳು ಕಾಣುತ್ತವೆ. ಬೈದು ಬರೆಯಿರಿ.

ಬಾಗಿ


ಪರೇಲ್
25 ಆಗಸ್ಟ್ 1999

ಬಾಗಿಗೆ,

ಕಾಗದ ತಲುಪಿತು. ಪುಷ್ಪನ ಆಸ್ಪತ್ರೆಯ ಖರ್ಚು ನನ್ನದು.

ನಾಲ್ಕೂ ಚಕ್ರದ ಬ್ರೇಕ್ ಪೈಪು ಬದಲಿಸಬೇಕು. ಚಕ್ರದೊಳಗಿನ ರಬ್ಬರಿನ ಬಟ್ಟಲುಗಳನ್ನೂ ಬದಲಿಸಬೇಕು. ಹಳೆಯ ಬ್ರೇಕ್ ಎಣ್ಣೆ ಪೂರ್ತಿ ತೆಗೆದು ಹೊಸದು ಹಾಕಿ ಪೈಪಿನೊಳಗಿನ ಗಾಳಿ ತೆಗೆಸಬೇಕು. ಅಡಿಯ ಮೀನೆಣ್ಣೆ ಸೋಪಿನ ನೀರಿನಲ್ಲಿ ತೊಳೆಸಬೇಕು. ಅಲ್ಲಿಯ ತನಕ ಕಾರು ಕದಲಿಸಬಾರದು.

ಉಳಿದದ್ದು ಮುಂದೆ ಬರೆಯುತ್ತೇನೆ.

ಚಂದ್ರ
(ಬರೆದದ್ದು: ಪಕ್ಕದ ಖೋಲಿಯ ಸ್ವಾತಿ, ಊರು ಕಿರಿಮಂಜೇಶ್ವರ)


ಮರವಂತೆ
9 ಸೆಪ್ಟೆಂಬರ್ 1999

ಅಣ್ಣಯ್ಯನಿಗೆ,

ನಿಮ್ಮ ಕಾಗದ ಬಂತು. ನಿಮ್ಮದಲ್ಲ, ಸ್ವಾತಿಯದ್ದು. ಅಕ್ಷರ ಮುತ್ತಿನ ಹಾಗಿದೆ, ಅವರಿಗೆ ಹೇಳಿ.

ನನಗೆ ಎರಡು ಸಾಲು ಬರೆಯಲೂ ಮನಸ್ಸಾಗಲಿಲ್ಲವೇ? ಸಿಟ್ಟು ಬರುವುದು ನ್ಯಾಯ. ಸುಳ್ಳು ಹೇಳಿದೆ, ನಿಮ್ಮ ಕಾರು ಕೆಡಿಸಿದೆ, ಒಬ್ಬಳ ಕೈ ಮುರಿದೆ. ಆದರೆ ಸಿಟ್ಟನ್ನು ನಿಮ್ಮ ಕೈಯಲ್ಲೇ ಬರೆಯಿರಿ. ಪರರ ಕೈಯಲ್ಲಿ ಬರೆಸಿ ಆಶೀರ್ವಾದದ ಒಂದು ಮಾತೂ ಇಲ್ಲದೆ ಕಳಿಸಿದರೆ ನಾನು ಏನು ತಿಳಿಯಬೇಕು? ಅಪ್ಪ ತೀರಿಕೊಂಡ ಮೇಲೆ ನೀವು ನನ್ನ ಮೇಲೆ ಕೈ ಎತ್ತಿದ್ದಿಲ್ಲ. ಆ ಕಾಗದ ಓದಿದ ದಿನ ನಾಲ್ಕು ಪೆಟ್ಟು ತಿಂದಿದ್ದರೆ ಮೇಲಿತ್ತು ಅನ್ನಿಸಿತು.

ಕಾರಿನ ಕೆಲಸವನ್ನೆಲ್ಲ ಹೇಳಿದ ಹಾಗೆ ಮಾಡಿಸಿದೆ. ಈಗ ಕೊಟ್ಟಿಗೆಯಲ್ಲಿದೆ. ನಾನು ಮುಟ್ಟುವುದಿಲ್ಲ. ನೀವು ಬಂದು ಓಡಿಸಿಕೊಳ್ಳಿ. ನಾವು ಮತ್ತೆ ಬಸ್ಸಿಗೆ ಕಾಯುತ್ತಿದ್ದೇವೆ.

ಬಾಗಿ


ಪರೇಲ್
28 ಸೆಪ್ಟೆಂಬರ್ 1999

ಬಾಗಿ,

ಇದು ನನ್ನ ಅಕ್ಷರ. ಎಷ್ಟು ದೊಡ್ಡದು ನೋಡು. ಒಂದು ಹಾಳೆಗೆ ಒಂಬತ್ತು ಸಾಲು. ಐದು ಹಾಳೆ ಬರೆಯಲು ನಾಲ್ಕು ದಿನ ಹಿಡಿಯಿತು. ಸಾಲು ಕೆಳಗೆ ಜಾರಿದ್ದರೆ ಸರಿಮಾಡಿಕೊಂಡು ಓದು.

ಸಿಟ್ಟು ಇಲ್ಲ ಮಗಾ. ಕಣ್ಣು ಇಲ್ಲ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಒಂದೂವರೆ ವರ್ಷವಾಯಿತು. ಆಸ್ಪತ್ರೆಯಲ್ಲಿ ಎರಡು ಸಲ ಕಣ್ಣಿಗೆ ಲೇಸರ್ ಲೈಟು ಹೊಡೆಸಿಕೊಂಡೆ. ನೇರ ನೋಡಿದಲ್ಲಿ ಒಂದು ಕಲೆ, ಸುತ್ತಲಿನದು ಕಾಣುತ್ತದೆ. ಕಾರು ಕೊಳ್ಳುವಾಗಲೇ ಕಣ್ಣಿನ ಡಾಕ್ಟರು ಇನ್ನು ಗಾಡಿ ಓಡಿಸಬೇಡ ಎಂದಿದ್ದರು. ಕಡಿಮೆಯಾಗುತ್ತದೆ ಎಂದುಕೊಂಡೆ. ಊರಿಗೆ ಹೋಗಿ ಸ್ವಂತ ಕಾರು ಓಡಿಸುತ್ತೇನೆ ಎಂದು ಹೇಳಿಕೊಂಡೇ ಇಷ್ಟು ವರ್ಷ ಈ ಖೋಲಿಯಲ್ಲಿ ಮಲಗಿದವನು ನಾನು. ಅದೂ ಇಲ್ಲ ಎಂದು ನಿನಗೆ ಹೇಗೆ ಬರೆಯಲಿ?

ಜೂನಿನ ನಿನ್ನ ಕಾಗದದಲ್ಲಿ ನಡುವಿನ ದೊಡ್ಡ ಭಾಗ ಹೇಗೋ ಓದಿದೆ. ಅಂಚಿನಲ್ಲಿ ಬರೆದದ್ದು ಕಪ್ಪು ಗೆರೆಯ ಹಾಗೆ ಕಂಡಿತು. ಯಾರ ಹತ್ತಿರವಾದರೂ ಓದಿಸಬಹುದಿತ್ತು. ಓದಿಸಿದರೆ ಕಣ್ಣಿನ ಸುದ್ದಿ ಗೊತ್ತಾಗುತ್ತದೆ. ಭಾವ ಮಾಡಿದ್ದೆಲ್ಲ ಸರಿ ಎಂದು ಬರೆದು ಅಂಚೆ ಡಬ್ಬಿಗೆ ಹಾಕಿದೆ. ಆಗಸ್ಟಿನಲ್ಲಿ ಸ್ವಾತಿ ನಿನ್ನ ಕಾಗದ ಓದಿ ಹೇಳಿದ ಮೇಲೆ ಹಳೆಯದನ್ನು ಹುಡುಕಿ ಅಂಚನ್ನೂ ಓದಿಸಿದೆ. ನೀನು ಎಲ್ಲ ಬರೆದಿದ್ದೆ. ಇಲಿಯನ್ನೂ ಬರೆದಿದ್ದೆ.

ಪುಷ್ಪನ ಕೈ ಮುರಿದದ್ದು ನಾನು. ಭಾವನಿಗೆ ಹೇಳು, ಅವರ ತಪ್ಪಿಲ್ಲ. ಕೇಳಿದ್ದಕ್ಕೆ ನಾನು ಸರಿ ಎಂದೆ.

ಹಗಲು ಮಾತ್ರ ಟ್ಯಾಕ್ಸಿ ತೆಗೆಯುತ್ತೇನೆ. ದಾದರಿನಿಂದ ಪರೇಲಿಗೆ, ನನಗೆ ಬಾಯಿಪಾಠವಾದ ರಸ್ತೆ. ಹೆದರಬೇಡ.

ಚಂದ್ರಣ್ಣ


ಮರವಂತೆ
10 ಅಕ್ಟೋಬರ್ 1999

ಅಣ್ಣಯ್ಯನಿಗೆ ಬಾಗಿಯ ನಮಸ್ಕಾರ. ಸ್ವಾತಿಯವರೇ, ಇದನ್ನು ಒಂದು ಅಕ್ಷರವೂ ಬಿಡದೆ ಗಟ್ಟಿಯಾಗಿ ಓದಿ ಹೇಳಿ.

ಐದು ಹಾಳೆಯನ್ನೂ ಓದಿ ಅತ್ತೆ. ನಿಮ್ಮನ್ನು ತಪ್ಪು ತಿಳಿದದ್ದಕ್ಕೆ ಅತ್ತೆ, ನಿಮ್ಮ ಕಣ್ಣಿಗಾಗಿ ಅತ್ತೆ. ಕೊನೆಯ ಹಾಳೆ ಓದಿದಾಗ ಅಳು ನಿಂತುಹೋಯಿತು. ಈಗಲೂ ಟ್ಯಾಕ್ಸಿ ತೆಗೆಯುತ್ತೀರಾ?

ಪದ್ದಣ್ಣನ ಕಣ್ಣು ಪರೀಕ್ಷೆ ಮಾಡಿಸು ಎಂದು ಬರೆದವರು ಯಾರು? ದಾದರಿನ ರಸ್ತೆ ನಿಮಗೆ ಬಾಯಿಪಾಠ ಇರಬಹುದು. ರಸ್ತೆಗೆ ಅಡ್ಡ ಬರುವ ಮಗು ಬಾಯಿಪಾಠ ಇರುತ್ತದೆಯೇ? ನಾನು ಹತ್ತು ಗಜ ದೂರದಲ್ಲಿ ಕೊಡೆ ಕಂಡು ತಿರುಗಿಸಿದೆ. ನಿಮಗೆ ಆ ಕೊಡೆಗಳು ಇರುವ ಜಾಗದಲ್ಲಿ ಕಲೆ ಇದೆ ಅಣ್ಣಯ್ಯ. ಪುಷ್ಪನ ಕೈ ಅರ್ಧ ನನ್ನ ಸುಳ್ಳಿನಿಂದ ಮುರಿಯಿತು, ಅರ್ಧ ನಿಮ್ಮ ಸುಳ್ಳಿನಿಂದ. ಇನ್ನು ಯಾರ ಕೈಗೆ ಕಾಯುತ್ತಿದ್ದೀರಿ?

ನನ್ನ ಪಾಲಿನದನ್ನು ನಾನು ಅವಳ ಮನೆಗೆ ಹೋಗಿ ಹೇಳಿಕೊಂಡೆ. ಡಬ್ಬಿಯ ಎಣ್ಣೆ ಇಳಿದದ್ದು ಗೊತ್ತಿದ್ದೂ ಹೊರಟೆ ಎಂದೆ. ಅವಳು ಮೊದಲು ಬಯ್ದಳು, ಕೇಳಲಾರದ ಹಾಗೆ. ಆಮೇಲೆ, "ಮಕ್ಳ್ ಮೇಲ್ ಹತ್ತಿಸ್ಲಿಲ್ಲೆ ಅಲ್ದಾ ನೀನ್. ಕೈ ಕೂಡ್ತ್. ಇನ್ ಮೇಲೆ ಎಣ್ಣಿ ಇಳ್ದ್ರೆ ನಂಗ್ ಹೇಳ್, ನಾ ಬಸ್ಸಿಗೆ ಬತ್ತೆ" ಎಂದಳು.

ಇವರೂ ಬಾಯಿಬಿಟ್ಟರು. "ಚಂದ್ರ ಭಾವ ಬಪ್ಪುಕ್ ಹೇಳ್. ಕೂಕಂಡ್ ಉಣ್ಲಿ, ನಾ ದುಡೀತೆ" ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದದ್ದು ನಾನು ಕೇಳಿದ್ದು ಕಡಿಮೆ.

ನೀವು ಟ್ಯಾಕ್ಸಿಯ ಕೀಲಿಕೈ ಮಾಲೀಕನಿಗೆ ಕೊಟ್ಟೆ ಎಂದು ಬರೆಯುವ ತನಕ ನಾನು ಈ ಕಾರು ಮುಟ್ಟುವುದಿಲ್ಲ. ನಾವು ಮೂರು ಮನೆಯ ಹೆಂಗಸರು ಬಸ್ ಸ್ಟಾಪಿನಲ್ಲಿ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದೇವೆ, ನಿಮ್ಮ ಕಾಗದಕ್ಕೆ.

ಬಾಗಿ


ಪರೇಲ್
2 ನವೆಂಬರ್ 1999

ತಂಗಿ ಬಾಗಿಗೆ ಚಂದ್ರಣ್ಣನ ಆಶೀರ್ವಾದ. ನಾನು ಹೇಳುತ್ತಿದ್ದೇನೆ, ಸ್ವಾತಿ ಬರೆಯುತ್ತಿದ್ದಾಳೆ. ಆಶೀರ್ವಾದ ಮೊದಲು ಬರೆಯಲು ಹೇಳಿದ್ದೇನೆ.

ನಿನ್ನ ಕಾಗದ ಕೇಳಿ ಎರಡು ದಿನ ಸಿಟ್ಟಿನಲ್ಲಿದ್ದೆ. ತಂಗಿಯಾಗಿ ಹೀಗೆಲ್ಲ ಬರೆಯುವುದೇ ಎಂದು ಸ್ವಾತಿಯ ಹತ್ತಿರ ಹೇಳಿದೆ. ಅವಳು ನನ್ನ ಪರ ಮಾತಾಡಲಿಲ್ಲ. ಮೂರನೆಯ ದಿನ ಪರೇಲಿನ ಸಿಗ್ನಲ್ಲಿನಲ್ಲಿ ಒಬ್ಬ ಮುದುಕಿ ಬಾನೆಟ್ಟಿಗೆ ಕೈಯಿಂದ ಬಡಿದಳು. ಅವಳು ದಾಟುತ್ತಿದ್ದದ್ದು ನನಗೆ ಕಂಡಿರಲಿಲ್ಲ. ಒಂದು ಮೊಳ ಉಳಿದಿತ್ತು. ಟ್ಯಾಕ್ಸಿಯನ್ನು ಅಲ್ಲೇ ಬದಿಗೆ ಹಾಕಿ ಮಾಲೀಕನಿಗೆ ಫೋನು ಮಾಡಿದೆ, ಬಂದು ತೆಗೆದುಕೊಂಡು ಹೋಗು ಎಂದು. ಕೀಲಿಕೈ ಅವನ ಕೈಯಲ್ಲಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆ. ಅದು ಅಕ್ಟೋಬರ್ ಇಪ್ಪತ್ತೊಂದು. ನೀನು ಕಾಯುತ್ತಿದ್ದ ಮಾತು ಇದು. ಇವತ್ತೇ ಕಾರು ತೆಗೆ.

ತೆಗೆಯುವ ಮೊದಲು ಅಂಗಳದಲ್ಲಿ ಬ್ರೇಕ್ ಹತ್ತು ಸಲ ಒತ್ತಿ ನೋಡು. ಕಾಲು ಗಟ್ಟಿಯಾಗಿ ನಿಲ್ಲಬೇಕು. ಚಕ್ರದ ಒಳಬದಿ ಒದ್ದೆಯಿದೆಯೇ ಎಂದು ಬಗ್ಗಿ ನೋಡು, ಚಂದನಾಳಿಗೂ ತೋರಿಸಿಕೊಡು. ಯಾತ್ರಿಕರ ಮಾತು ಬಿಡು. ಅದು ಮೀನಿನ ಕಾರು, ಹಾಗೆಯೇ ಇರಲಿ. ಸೀಟಿಗೆ ಪ್ಲಾಸ್ಟಿಕ್ ಹಾಸು, ಉಪ್ಪುನೀರು ತಗಡಿಗೆ ಇಳಿಯದ ಹಾಗೆ ನೋಡಿಕೋ.

ನಾನು ಬರುತ್ತೇನೆ. ಹದಿನಾಲ್ಕರಂದು ಇಲ್ಲಿಂದ ಹೊರಟು ಹದಿನೈದಕ್ಕೆ ಬೆಳಿಗ್ಗೆ ರೈಲಿನಲ್ಲಿ ಕುಂದಾಪುರಕ್ಕೆ ಇಳಿಯುತ್ತೇನೆ. ಸ್ವಾತಿಯ ಗಂಡ ಜೊತೆಗಿರುತ್ತಾನೆ. ಪೆಟ್ಟಿಗೆ ಒಂದೇ. ಚೆನ್ನಯ್ಯ ಭಾವನಿಗೆ ಹೇಳು, ಕೂತು ಉಣ್ಣುವವನು ನಾನಲ್ಲ. ಕಣ್ಣಿಲ್ಲದಿದ್ದರೂ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತೇನೆ.

ಕಾರು ತೆಗೆದುಕೊಂಡು ಸ್ಟೇಷನ್ನಿಗೆ ನೀನೇ ಬಾ. ಹೊರಗೆ ನಾಲ್ಕೈದು ಬಿಳಿ ಕಾರು ನಿಂತಿರಬಹುದು. ನಮ್ಮ ಕಾರು ನನಗೆ ಗೊತ್ತಾಗುತ್ತದೆ, ನಿನ್ನ ಮುಖ ಗೊತ್ತಾಗುವುದಿಲ್ಲ. ಆದ್ದರಿಂದ ಇಳಿದು ಬಂದು ಕರೆ. ಒಂದು ಮಾತು ಮೊದಲೇ ಹೇಳಿಡುತ್ತೇನೆ. ಕಾರು ಕಂಡ ಕೂಡಲೇ ನನ್ನ ಕಾಲು ಅಭ್ಯಾಸದಿಂದ ಬಲಗಡೆಯ ಬಾಗಿಲಿಗೇ ಹೋಗುತ್ತದೆ. ಎಲ್ಲರೂ ನೋಡುತ್ತಿದ್ದಾರೆ ಎಂದು ನಾಚಿಕೊಳ್ಳಬೇಡ ಬಾಗಿ, ಕೈ ಹಿಡಿದು ಎಡಗಡೆಗೆ ಕರೆದುಕೊಂಡು ಹೋಗಿ ಕೂರಿಸು.

ಚಂದ್ರಣ್ಣ